200 ಆಂಪಿನ ಬೋರ್ಡು, 40 ಆಂಪಿನ ಕೆಲಸ: ಹಳೆ ಪಿಕಪ್ ಕ್ಯಾಬಿನ್‌ಗೆ ಮನೆಯ ಮಿಗ್ ಮಷಿನ್

ಹುಬ್ಬಳ್ಳಿ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಕಡೆ ಯಾವುದೇ ವೆಲ್ಡಿಂಗ್ ಸಾಮಾನಿನ ಅಂಗಡಿ ಹೊಕ್ಕು, "ಮನ್ಯಾಗ ಹಳೇ ಪಿಕಪ್ ಒಂದ್ ರೆಡಿ ಮಾಡೋದೈತ್ರಿ, ಮಷಿನ್ ತೋರಸ್ರಿ" ಅಂದರೆ ಕೌಂಟರಿಗೆ ಬಂದು ಕೂರುವ ಡಬ್ಬಿ ಬಹುತೇಕ ಒಂದೇ ನಮೂನೆಯದು. ಸಿಂಗಲ್ ಫೇಸ್ ಇನ್ವರ್ಟರ್ ಮಿಗ್ (ಸುರುಳಿಯ ವೈರನ್ನು ತಾನೇ ಮುಂದೆ ತಳ್ಳಿ, ಅದನ್ನೇ ಕರಗಿಸಿ ಬೆಸೆಯುವ ಮಷಿನ್), ಮೈಮೇಲೆ ದೊಡ್ಡದಾಗಿ 200, ತೂಕ 12–13 ಕೆಜಿ, ಬೆಲೆ ಇಪ್ಪತ್ತು ಸಾವಿರದ ಆಚೀಚೆ. ಬಣ್ಣ ಕೆಂಪೋ ನೀಲಿಯೋ ಕಿತ್ತಳೆಯೋ ಇರಬಹುದು. ಒಳಗಿನ ಬೋರ್ಡು, ವೈರ್ ಎಳೆಯುವ ಫೀಡರು, ಕೈಯಲ್ಲಿ ಹಿಡಿದು ಬೆಸೆಯುವ ಟಾರ್ಚು ಹೆಚ್ಚುಕಡಿಮೆ ಅವವೇ. ಹಾಗಾಗಿ ಇಲ್ಲಿ ಬ್ರ್ಯಾಂಡಿನ ಹೆಸರು ಹಿಡಿದು ಮಾತಿಲ್ಲ. ಈ ವರ್ಗದ ಮಷಿನ್ ಹಳೆಯ ಟಾಟಾಮೊಬೈಲ್, ಹಳೆಯ ಮಹೀಂದ್ರಾ ಪಿಕಪ್ ಇಂಥವುಗಳ ಕ್ಯಾಬಿನ್ನಿಗೆ ಎಷ್ಟು ಒದಗುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದಷ್ಟೇ ವಿಷಯ.

ತೀರ್ಪು ಮೊದಲೇ ಹೇಳಿಬಿಡೋಣ. ಆ 200ಕ್ಕೂ ಪಿಕಪ್ ಕ್ಯಾಬಿನ್ನಿಗೂ ಸಂಬಂಧವಿಲ್ಲ. ಕ್ಯಾಬಿನ್ ನೆಲ, ಬಾಗಿಲ ಕೆಳಗಿನ ಸಿಲ್, ಕ್ಯಾಬಿನ್ನಿನ ಹಿಂಬದಿ ಮೂಲೆ, ಚಕ್ರದ ಕಮಾನು ಎಲ್ಲ 0.8ರಿಂದ 1.2 ಎಂಎಂ ಪತ್ರಾ. 1 ಎಂಎಂಗೆ 40 ಆಂಪ್ ಅನ್ನುವುದು ವೆಲ್ಡರುಗಳ ರೂಢಿಯ ಲೆಕ್ಕ. ಅಂದರೆ ಎರಡು ವರ್ಷದ ಪ್ರಾಜೆಕ್ಟಿನಲ್ಲಿ ಮಷಿನ್ನಿನ ನೂರಕ್ಕೆ ತೊಂಬತ್ತು ಪಾಲು ದುಡಿಮೆ 35ರಿಂದ 60 ಆಂಪಿನೊಳಗೇ ಮುಗಿಯುತ್ತದೆ. 40ರಲ್ಲಿ ಆರ್ಕ್, ಅಂದರೆ ವೈರಿನ ತುದಿಗೂ ಪತ್ರಾಕ್ಕೂ ನಡುವೆ ಉರಿಯುವ ಕರೆಂಟಿನ ಕಿಡಿ, ಎಷ್ಟು ಸ್ಥಿರವಾಗಿ ನಿಲ್ಲುತ್ತದೆ ಅನ್ನುವುದೇ ಈ ಡಬ್ಬಿಯ ನಿಜವಾದ ಪರೀಕ್ಷೆ. ಬೆಸುಗೆಯನ್ನು ಹೊರಗಾಳಿಯಿಂದ ಕಾಯುವ ಗ್ಯಾಸ್ ಜೋಡಿಸಿ, 0.8 ಎಂಎಂ ಘನ ವೈರ್ ಹಾಕಿ, ಜೊತೆಗೆ ಬಂದ ನಾಲ್ಕಾರು ಕಳಪೆ ಸಾಮಾನು ಬದಲಿಸಿದರೆ ಪರೀಕ್ಷೆ ಪಾಸು. "ಗ್ಯಾಸಿಲ್ದಂಗನೂ ನಡೀತೈತ್ರಿ ಸರ" ಅನ್ನುವ ಅಂಗಡಿಯ ಮಾತು ನಂಬಿ ಹಾಗೇ ಹಚ್ಚಿದರೆ ಫೇಲು. ಗ್ಯಾಸಿಲ್ಲದೆ ಗೇಟು ಆಗುತ್ತದೆ, ಕಿಟಕಿ ಜಾಲರಿ ಆಗುತ್ತದೆ, ಕ್ಯಾಬಿನ್ ಆಗುವುದಿಲ್ಲ.

ಮೊದಲು ಈ ಸೀಮೆಯ ಜಂಗಿನ ಬಗ್ಗೆ. ಮಷಿನ್ ಎದುರಿಸಬೇಕಾದ್ದು ಅದನ್ನೇ. ಧಾರವಾಡ, ಗದಗ, ಹಾವೇರಿ ಕಡೆ ಓಡಿದ ಗಾಡಿಗೆ ಕರಾವಳಿಯ ಉಪ್ಪುಗಾಳಿ ತಾಗಿರುವುದಿಲ್ಲ. ಆದರೂ ಸಿಲ್ ನೋಡಿದರೆ ಕಾರವಾರದ ಗಾಡಿಯಷ್ಟೇ ತಿಂದುಹೋಗಿರುತ್ತದೆ. ಅದು ಎರೆ ಮಣ್ಣಿನ ಕೆಲಸ. ಮಳೆಗಾಲದ ಹೊಲದ ದಾರಿಯಲ್ಲಿ ಚಕ್ರ ಎತ್ತಿ ಎಸೆದ ಮಣ್ಣು ಸಿಲ್ಲಿನ ಅಡಿಯಲ್ಲಿ ನೀರು ಇಳಿಯಲು ಬಿಟ್ಟ ತೂತುಗಳನ್ನು ಮೆತ್ತಿ ಮುಚ್ಚುತ್ತದೆ. ಬಾಗಿಲ ಗಾಜಿನ ಸಂದಿಯಿಂದ, ಗಾಳಿ ಬರುವ ಜಾಲರಿಯಿಂದ ಇಳಿದ ನೀರು ಒಳಗೇ ನಿಲ್ಲುತ್ತದೆ. ಹೊರಗೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಎರೆ ಮಣ್ಣಿನ ಹೆಂಟೆ ಒಳಗೊಳಗೇ ತಿಂಗಳುಗಟ್ಟಲೆ ಹಸಿ ಹಿಡಿದಿರುತ್ತದೆ. ಪತ್ರಾ ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣಿಸುವ ಹೊತ್ತಿಗೆ ಹಿಂದೆ ಪತ್ರಾ ಹಪ್ಪಳವಾಗಿರುತ್ತದೆ. ಇದರ ಮೇಲೆ ಗೊಬ್ಬರ. ಉಳ್ಳಾಗಡ್ಡಿ, ಬ್ಯಾಡಗಿ ಮೆಣಸಿನಕಾಯಿ ಹೊತ್ತ ಗಾಡಿಗಿಂತ ಗೊಬ್ಬರದ ಚೀಲ ಹೊತ್ತ ಗಾಡಿಯ ಬಾಡಿ ಬೇಗ ಹೋಗುತ್ತದೆ. ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ಒಡೆದ ಚೀಲದಿಂದ ಸುರಿದದ್ದು ಸಂದಿಯಲ್ಲಿ ಕೂತು ಗಾಳಿಯ ತೇವ ಕುಡಿಯುತ್ತಲೇ ಇರುತ್ತದೆ.

ಆದ್ದರಿಂದ ಮಷಿನ್ ಪ್ಲಗ್ಗಿಗೆ ಹಾಕುವ ಮುಂಚೆ ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ಲಿನುದ್ದಕ್ಕೂ ಬಡಿದು ನೋಡಬೇಕು. ಗಟ್ಟಿ ಇದ್ದಲ್ಲಿ 'ಟಣ್', ಹೋಗಿರುವಲ್ಲಿ 'ಡಬ್'. 'ಡಬ್' ಅಂದಲ್ಲಿ ಮೊನೆಯಿಂದ ಒತ್ತಿದರೆ ತೂತು ಬೀಳುತ್ತದೆ. ಬಿದ್ದರೆ ಬೇಸರ ಬೇಡ, ಅದು ಮೊದಲೇ ಬಿದ್ದಿತ್ತು. ತೂತಿನ ಅಂಚಿನಿಂದ 20–25 ಎಂಎಂ ಆಚೆವರೆಗೂ ಕತ್ತರಿಸಿ, ಕತ್ತರಿಸಿದ ಅಂಚನ್ನು ಕ್ಯಾಲಿಪರ್‌ನಲ್ಲಿ ಹಿಡಿಯಿರಿ. 1 ಎಂಎಂ ಇರಬೇಕಾದ್ದು 0.5 ಬಂದರೆ ಇನ್ನೂ ಆಚೆ ಹೋಗಬೇಕು. ಅರ್ಧ ಎಂಎಂ ಪತ್ರಾದ ಮೇಲೆ 40 ಆಂಪ್ ಬಿಟ್ಟರೆ ಬೆಸುಗೆ ಕೂರುವುದಿಲ್ಲ, ತೂತು ಓಡುತ್ತದೆ. ಆಗ ಮಷಿನ್ನನ್ನು ಬೈಯುವವರೇ ಹೆಚ್ಚು.

ಡಬ್ಬಿಯೊಳಗೆ ಬರುವುದು

ಮೊದಲ ಮೋಸ ಅರ್ಥ್ ಕೇಬಲ್ಲಿನದು. ಮೇಲೆ ತಾಮ್ರದ ಬಣ್ಣ, ಚಾಕುವಿನಿಂದ ಒಂದು ಎಳೆ ಕೆರೆದರೆ ಒಳಗೆ ಬೆಳ್ಳಗೆ: ತಾಮ್ರ ಬಳಿದ ಅಲ್ಯೂಮಿನಿಯಂ. ಕ್ಲಾಂಪು ತೆಳು ತಗಡಿನದು, ಮೇಲೆ ಮಾತ್ರ 300 ಆಂಪ್ ಎಂಬ ಬರಹ. 40 ಆಂಪಿನಲ್ಲಿ ಇದು ಸುಡುವುದಿಲ್ಲ, ಆದರೆ ಹಲ್ಲು ಸರಿಯಾಗಿ ಕಚ್ಚದೆ ಆರ್ಕ್ ತಡಬಡಿಸುತ್ತದೆ. ಹೊಸಬರು ಅದನ್ನು ವೋಲ್ಟೇಜ್ ಗುಬ್ಬಿ ತಿರುಗಿಸಿ ಸರಿಮಾಡಲು ಹೋಗಿ ದಿನವಿಡೀ ಹಾಳು ಮಾಡಿಕೊಳ್ಳುತ್ತಾರೆ. ಹಿತ್ತಾಳೆಯ ಕ್ಲಾಂಪು, 25 ಚದರ ಎಂಎಂ ತಾಮ್ರದ ಕೇಬಲ್ 3 ಮೀಟರ್. ಇದೇ ಮೊದಲ ಖರ್ಚು. ಕ್ಲಾಂಪನ್ನು ಚಾಸಿಗೆ ಕಚ್ಚಿಸಿ ಕ್ಯಾಬಿನ್ ಬೆಸೆಯಬೇಡಿ. ಕ್ಯಾಬಿನ್ ಕೂತಿರುವುದು ರಬ್ಬರಿನ ಮೇಲೆ. ಕರೆಂಟು ಹ್ಯಾಂಡ್‌ಬ್ರೇಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಹಿಡಿದು ದಾರಿ ಹುಡುಕುತ್ತದೆ. ಬೆಸೆಯುವ ಜಾಗದಿಂದ ಒಂದು ಗೇಣಿನೊಳಗೆ ಬಣ್ಣ ಕೆರೆದು ಅಲ್ಲೇ ಕಚ್ಚಿಸಬೇಕು.

ಎರಡನೆಯದು ಟಾರ್ಚು. ಮಷಿನ್ನಿಗೆ ಖಾಯಂ ಅಂಟಿಕೊಂಡ ಟಾರ್ಚಿರುವ ಮಾಡೆಲ್ ಎರಡು ಸಾವಿರ ಅಗ್ಗ ಸಿಕ್ಕರೂ ಬೇಡ. ಯೂರೋ ಕನೆಕ್ಟರಿನ 15ಎಕೆ ಟಾರ್ಚು ಇರುವುದನ್ನೇ ತೆಗೆದುಕೊಳ್ಳಿ. ಅದರ ಟಿಪ್ (ವೈರ್ ಹೊರಬರುವ ತಾಮ್ರದ ತುದಿ), ನಾಝಲ್ (ಗ್ಯಾಸ್ ಹೊರಬರುವ ಮೂತಿ), ಲೈನರ್ (ವೈರ್ ಓಡುವ ಒಳಕೊಳವೆ) ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಚಿಲ್ಲರೆಗೆ ಸಿಗುತ್ತವೆ. 0.8 ವೈರಿಗೆ ನೀಲಿ ಲೈನರ್. ಕೆಂಪು ಲೈನರ್ 1.0–1.2ರದ್ದು, ಅದರೊಳಗೆ 0.8 ವೈರ್ ಹಾವಿನಂತೆ ಅಡ್ಡಾಡಿ ಫೀಡರಿನ ಬಳಿ ಗೂಡು ಕಟ್ಟುತ್ತದೆ. ಟಿಪ್ ಹತ್ತು ಒಟ್ಟಿಗೇ ತಂದಿಡಿ. ತೂತು ಉದ್ದುರುಳಾಗಿ ಸವೆದ ಟಿಪ್ಪಿನಲ್ಲಿ 40 ಆಂಪಿನ ಆರ್ಕ್ ನಿಲ್ಲುವುದಿಲ್ಲ. ದಪ್ಪ ಪಟ್ಟಿಯ ಕೆಲಸದಲ್ಲಿ ಈ ದೋಷ ಗೊತ್ತೇ ಆಗುವುದಿಲ್ಲ, ಪತ್ರಾದಲ್ಲಿ ಮೊದಲ ಟಾಕಾದಲ್ಲೇ (ಒಂದು ಚುಕ್ಕಿ ಬೆಸುಗೆಯಲ್ಲೇ) ಗೊತ್ತಾಗುತ್ತದೆ.

ಮೂರನೆಯದು ಫೀಡರ್. ಪ್ಲಾಸ್ಟಿಕ್ ಚೌಕಟ್ಟು, ಒಂದೇ ಜೊತೆ ರೋಲರು. ದೂರು ಹೇಳುವಷ್ಟು ಕೆಟ್ಟದ್ದಲ್ಲ, ಆದರೆ ಒತ್ತಡದ ತಿರುಪು ಜಾಸ್ತಿ ಬಿಗಿದರೆ ಚೌಕಟ್ಟೇ ಬಾಗಿ ವೈರ್ ಓರೆಯಾಗಿ ಹೋಗುತ್ತದೆ. ಟಾರ್ಚಿನಿಂದ ಹೊರಬಂದ ವೈರನ್ನು ಕಟ್ಟಿಗೆಯ ತುಂಡಿಗೆ ಒತ್ತಿ ಹಿಡಿದಾಗ ಸುರುಳಿಯಾಗಿ ಬಗ್ಗಬೇಕು. ಇನ್ನೂ ಬಲವಾಗಿ ತಡೆದರೆ ರೋಲರ್ ಜಾರಬೇಕು. ಅಷ್ಟೇ ಬಿಗಿ. ಘನ ವೈರಿಗೆ ವಿ ಆಕಾರದ ನುಣುಪು ತೋಡಿನ ರೋಲರ್, ಟೊಳ್ಳಿನಲ್ಲಿ ಫ್ಲಕ್ಸ್ ಪುಡಿ (ಬೆಸುಗೆ ಕಾಯುವ ರಾಸಾಯನಿಕ) ತುಂಬಿದ ವೈರಿಗೆ ಹಲ್ಲಿರುವ ರೋಲರ್. ಹಲ್ಲಿನದನ್ನು ಘನ ವೈರಿಗೆ ಹಾಕಿದರೆ ಹಲ್ಲು ವೈರನ್ನು ಕೆರೆದು ತಾಮ್ರದ ಪುಡಿ ಲೈನರಿಗೆ ತುಂಬುತ್ತದೆ.

ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಮುಖವಾಡ ಒಂದನ್ನು ಕೊಡುತ್ತಾರೆ. ಮಕ್ಕಳಿಗೆ ಆಡಲು ಕೊಡಿ. ಪತ್ರಾ ಕೆಲಸದಲ್ಲಿ ನಿಮಿಷಕ್ಕೆ ಹತ್ತು ಟಾಕಾ ಬೀಳುತ್ತದೆ, ಪ್ರತಿಸಲ ಮುಖವಾಡ ಎತ್ತಿ ಇಳಿಸುವವರ ಕಣ್ಣು ರಾತ್ರಿ ಮರಳು ತುಂಬಿದಂತೆ ಉರಿಯುತ್ತದೆ. ತಾನೇ ಕಪ್ಪಾಗುವ ಹೆಲ್ಮೆಟ್, ಶೇಡ್ 9ರಿಂದ 13ರವರೆಗೆ ಬದಲಿಸುವಂಥದ್ದು ಬೇಕು. 40–60 ಆಂಪಿಗೆ 9 ಅಥವಾ 10 ಇಟ್ಟರೆ ಕೆಲಸವೂ ಕಾಣುತ್ತದೆ. ಆಲೂಗಡ್ಡೆ ಹೋಳು ಕಟ್ಟಿಕೊಳ್ಳುವ ವೈದ್ಯದ ಅವಶ್ಯಕತೆ ಬರುವುದಿಲ್ಲ.

ಮಷಿನ್ನಿನ ಮೈಮೇಲೆ ಟಿಗ್ (ಟಂಗ್‌ಸ್ಟನ್ ಮುಳ್ಳಿನ ಬೆಸುಗೆ) ಎಂದೂ ಬರೆದಿರುತ್ತಾರೆ. ಈ ಕೆಲಸದ ಮಟ್ಟಿಗೆ ಅದು ಅಲಂಕಾರ.

ಗ್ಯಾಸೋ, ಗ್ಯಾಸಿಲ್ಲದ್ದೋ

ಗ್ಯಾಸ್ ಬೇಡದ ಫ್ಲಕ್ಸ್ ವೈರ್, ಅಂದರೆ ಇ71ಟಿ-ಜಿಎಸ್, ತನ್ನ ಹೊಗೆಯಿಂದಲೇ ಬೆಸುಗೆಯನ್ನು ಕಾಯುತ್ತದೆ. ಗಾಳಿಗೆ ಅಂಜುವುದಿಲ್ಲ. ಆದರೆ ಹೆಚ್ಚು ಬಿಸಿ, ಸುತ್ತ ಸಿಡಿ, ಮೇಲೆ ಸ್ಲ್ಯಾಗಿನ (ಗಟ್ಟಿ ಕಿಟ್ಟದ) ಪದರ. ಪತ್ರಾದಲ್ಲಿ ಟಾಕಾ ಮೇಲೆ ಟಾಕಾ ಹಾಕುವಾಗ ಪ್ರತಿ ಸಲ ಸ್ಲ್ಯಾಗ್ ಕೆರೆಯದಿದ್ದರೆ ಅದು ಒಳಗೇ ಸಿಕ್ಕಿ, ಗ್ರೈಂಡ್ ಮಾಡಿದಾಗ ದೋಸೆಯ ತೂತಿನಂತೆ ಬಾಯಿಬಿಡುತ್ತದೆ. 1 ಎಂಎಂಗಿಂತ ತೆಳುವಾದಲ್ಲಿ ಪಳಗಿದ ಕೈಯವರೂ ತೂತು ಮಾಡುತ್ತಾರೆ. ಇನ್ನೊಂದು ಎಡವಟ್ಟು ಪೊಲಾರಿಟಿ. ಫ್ಲಕ್ಸ್ ವೈರಿಗೆ ಟಾರ್ಚು ಮೈನಸ್, ಗ್ಯಾಸ್ ಜೊತೆಗಿನ ಘನ ವೈರಿಗೆ ಟಾರ್ಚು ಪ್ಲಸ್. ಒಳಗಿನ ಅಥವಾ ಮುಂದಿನ ಚಿಕ್ಕ ತಂತಿಯನ್ನು ಕೈಯಾರೆ ಬದಲಿಸಬೇಕು. ಬದಲಿಸದೆ "ಮಷಿನ್ ಸರಿಯಿಲ್ಲ, ಬರೀ ಸಿಡೀತದ" ಎಂದು ವಾಪಸ್ ಒಯ್ಯುವವರು ಕಡಿಮೆಯಿಲ್ಲ.

ಗ್ಯಾಸಿನಲ್ಲಿ ಎರಡು ದಾರಿ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20ರ ಮಿಶ್ರಣ ಪತ್ರಾಕ್ಕೆ ಮೆತ್ತಗೆ ಕೂರುತ್ತದೆ, ಸಿಡಿ ಕಡಿಮೆ. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆಳಕ್ಕೆ ಇಳಿಯುತ್ತದೆ, ಸಿಡಿ ಜಾಸ್ತಿ, ಮಿಶ್ರಣಕ್ಕಿಂತ ಒಂದೂವರೆ ವೋಲ್ಟು ಮೇಲೆ ಇಡಬೇಕು. ದುಡ್ಡಿನ ಲೆಕ್ಕದಲ್ಲಿ ಮನೆಯ ಪ್ರಾಜೆಕ್ಟಿಗೆ ಬರೀ ಕಾರ್ಬನ್ ಡೈಆಕ್ಸೈಡ್ ಸಾಕು. 1 ಕೆಜಿ ದ್ರವದಿಂದ ಸುಮಾರು 550 ಲೀಟರ್ ಗ್ಯಾಸ್ ಬರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ 55 ನಿಮಿಷ ಟ್ರಿಗರ್ ಒತ್ತಿದಷ್ಟು. ನೆಲ, ಎರಡು ಸಿಲ್, ಎರಡು ಮೂಲೆ ಸೇರಿ 20 ಮೀಟರ್ ಬೆಸುಗೆ ಅಂದುಕೊಂಡರೂ, ಟಾಕಾ ಕೆಲಸದ ಪೋಲು ಹಿಡಿದು, 5 ಕೆಜಿ ಸಿಲಿಂಡರ್ ಒಂದರಲ್ಲಿ ಮುಗಿಯುತ್ತದೆ. ವೈರ್ ಕೂಡ ಅಷ್ಟೇ: 0.8ರ ಒಂದು ಕೆಜಿಗೆ 250 ಮೀಟರ್ ಚಿಲ್ಲರೆ ಉದ್ದ, ಈ ಕೆಲಸಕ್ಕೆ ಎರಡು ಕೆಜಿಗಿಂತ ಹೆಚ್ಚು ಹೋಗದು. 5 ಕೆಜಿ ಸ್ಪೂಲ್ ಲೆಕ್ಕಕ್ಕೆ ಅಗ್ಗ ಕಂಡರೂ ಉಳಿದದ್ದು ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಜಂಗು ಹಿಡಿಯುತ್ತದೆ. ಜಂಗು ಹಿಡಿದ ವೈರ್ ಲೈನರನ್ನು ಅರದಂತೆ ಉಜ್ಜುತ್ತದೆ. ಕೆಲಸವಿಲ್ಲದ ವಾರಗಳಲ್ಲಿ ಸ್ಪೂಲ್ ಬಿಚ್ಚಿ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು.

ಸಿಲಿಂಡರಿನ ವಿಷಯದಲ್ಲಿ ಒಂದು ಎಚ್ಚರ. ಗುಜರಿಯಲ್ಲಿ ಬೆಂಕಿ ಆರಿಸುವ ಹಳೇ ಸಿಲಿಂಡರ್ ಅಗ್ಗಕ್ಕೆ ಸಿಗುತ್ತದೆ, ತುಂಬಿಸಿಕೊಂಡರಾಯಿತು ಅನ್ನುವ ಸಲಹೆ ಓಡಾಡುತ್ತಿದೆ. ಅದರೊಳಗೆ ತಳದವರೆಗೂ ಕೊಳವೆ ಇರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಗ್ಯಾಸಿನ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ವೆಲ್ಡಿಂಗಿನದನ್ನೇ ತಗೊಳ್ಳಿ, ನೆಟ್ಟಗೆ ನಿಲ್ಲಿಸಿ, ಸರಪಳಿ ಹಾಕಿ, ಬಿಸಿಲಿಗಿಡಬೇಡಿ. ಗೇಜ್ ನೋಡಿ ಎಷ್ಟಿದೆ ಅನ್ನಲಾಗದು, ಒಳಗೆ ದ್ರವ ಇರುವವರೆಗೂ ಮುಳ್ಳು ಅಲ್ಲೇ ನಿಂತಿರುತ್ತದೆ. ತೂಕದ ಕಾಟಾದಲ್ಲಿಟ್ಟು, ಭುಜದ ಮೇಲೆ ಕೊರೆದ ಖಾಲಿ ತೂಕ ಕಳೆಯುವುದೇ ಸರಿ. ಗದಗ, ಹಾವೇರಿಯಿಂದ ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಬರುವ ದಿನ ತೂಗಿಕೊಂಡು ಹೊರಟರೆ ಸುಮ್ಮನೆ ಒಂದು ತಿರುಗಾಟ ಉಳಿಯುತ್ತದೆ.

ಇನ್ನು ಗಾಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆಯಲ್ಲಿ ಇದನ್ನು ಮರೆಯುವ ಹಾಗಿಲ್ಲ. ಗಂಟೆಗೆ 8 ಕಿಮೀ ಗಾಳಿ ಬೀಸಿದರೂ ಟಾರ್ಚಿನ ಗ್ಯಾಸ್ ಹಾರಿಹೋಗುತ್ತದೆ. ಒಣಹಾಕಿದ ಟವೆಲ್ ಅಲುಗುತ್ತಿದೆ ಅಂದರೆ ಅಂಗಳದಲ್ಲಿ ಬೆಸುಗೆ ಬೇಡ. ಗ್ಯಾಸ್ ಜಾಸ್ತಿ ಬಿಟ್ಟರೆ ಸರಿಹೋಗುತ್ತದೆ ಎಂದು 20 ಲೀಟರಿಗೆ ಏರಿಸುವುದು ಇನ್ನೂ ತಪ್ಪು. ವೇಗಕ್ಕೆ ಸುಳಿಯೆದ್ದು ಅದೇ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎರಡು ಕಡೆ ತಾಡಪಾಲ ಕಟ್ಟಿ, 10–12 ಲೀಟರಿನಲ್ಲೇ ಇಡಿ. ಬೆಸುಗೆಯಿಂದ ಒಂದೂವರೆ ಮೀಟರ್ ಒಳಗೆ ತಾಡಪಾಲ ಬರಬಾರದು.

ಮನೆಯ ಕರೆಂಟು ತಡೆಯುತ್ತದೆಯೇ

ಹೆಚ್ಚಿನವರು ಅಂಜುವುದು ಇದಕ್ಕೆ, ಅಂಜಬೇಕಾದ್ದು ಕಡಿಮೆ. 45 ಆಂಪ್ ಆರ್ಕಿಗೆ ಸುಮಾರು 16 ವೋಲ್ಟು, ಅಂದರೆ ಮುಕ್ಕಾಲು ಕಿಲೋವ್ಯಾಟ್ ಅಷ್ಟೇ. ಮಷಿನ್ನಿನೊಳಗಿನ ನಷ್ಟ, ಪವರ್ ಫ್ಯಾಕ್ಟರ್ ಸೇರಿಸಿದರೂ ಗೋಡೆಯಿಂದ ಎಳೆಯುವುದು 5–6 ಆಂಪ್. 16 ಆಂಪಿನ ಪ್ಲಗ್ಗಿನಲ್ಲಿ ಕ್ಯಾಬಿನ್ ಕೆಲಸ ಆರಾಮವಾಗಿ ನಡೆಯುತ್ತದೆ. ಚಾಸಿಗೆ 160 ಆಂಪ್ ಬೇಕಾದಾಗ ಲೆಕ್ಕ ಬೇರೆ: ಗೋಡೆಯಿಂದ 25 ಆಂಪ್ ದಾಟುತ್ತದೆ. ಹೆಸ್ಕಾಂನಿಂದ 2–3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಅದನ್ನು ಮಾಡಬಾರದು.

ಹಾಳುಮಾಡುವುದು ಎಕ್ಸ್‌ಟೆನ್ಶನ್ ವೈರು. ಮನೆಯೊಳಗಿನಿಂದ ಅಂಗಳಕ್ಕೆ 30 ಮೀಟರ್ 1.5 ಚದರ ಎಂಎಂ ವೈರ್ ಎಳೆದರೆ 20 ಆಂಪಿನಲ್ಲಿ ಹದಿನಾಲ್ಕೂವರೆ ವೋಲ್ಟು ದಾರಿಯಲ್ಲೇ ಉರಿದುಹೋಗುತ್ತದೆ. ಅದೇ 4 ಚದರ ಎಂಎಂ ಆದರೆ ಐದೂವರೆ. ಬೇಸಿಗೆಯ ಸಂಜೆ ಮೊದಲೇ ವೋಲ್ಟೇಜ್ ಕುಸಿದಿರುವ ಬಡಾವಣೆಯಲ್ಲಿ ಈ ಒಂಬತ್ತು ವೋಲ್ಟೇ ಆರ್ಕ್ ನಿಲ್ಲುವುದೋ ಕಡಿಯುವುದೋ ತೀರ್ಮಾನಿಸುತ್ತದೆ. ಸುತ್ತಿದ ರೀಲನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ನಡುವಿನ ವೈರ್ ಕಾದು ಮೆತ್ತಗಾಗುತ್ತದೆ.

ಪತ್ರಾದ ಮೇಲೆ ಹೇಗೆ ನಡೆಯುತ್ತದೆ

ತೇಪೆಗೆ ಸಿಆರ್ ಶೀಟು (ಲೇಪವಿಲ್ಲದ ನುಣುಪು ಉಕ್ಕಿನ ಹಾಳೆ) ತನ್ನಿ: ನೆಲಕ್ಕೆ 18 ಗೇಜ್ ಅಂದರೆ 1.2 ಎಂಎಂ, ಸಿಲ್ಲಿನ ಹೊರಮೈಗೆ 20 ಗೇಜ್ ಅಂದರೆ 0.9. ತೂಕಕ್ಕೆ ಮಾರುತ್ತಾರೆ, 8×4 ಅಡಿಯ 18 ಗೇಜ್ ಹಾಳೆ ಸುಮಾರು 28 ಕೆಜಿ, 20 ಗೇಜ್ 21 ಕೆಜಿ. ಅಂಗಡಿಯವರು ಸತು ಬಳಿದ ಜಿಐ ಶೀಟ್ ತೋರಿಸಿ "ಇದಕ್ಕ ಜಂಗ್ ಹಿಡಿಯಂಗಿಲ್ರಿ" ಅನ್ನುತ್ತಾರೆ. ಬೆಸುಗೆಯ ಬಿಸಿಗೆ ಸತು ಆವಿಯಾಗಿ ಬೀಡಿನಲ್ಲಿ, ಅಂದರೆ ಬೆಸುಗೆಯ ಗೆರೆಯಲ್ಲಿ, ತೂತು ಬೀಳುತ್ತದೆ, ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ನಮೂನೆ ಕತ್ತರಿಸಲು ಹಳೇ ಕ್ಯಾಲೆಂಡರಿನ ರಟ್ಟು ಸಾಕು. ತೇಪೆಯ ಮೂಲೆಗಳನ್ನು ನಾಣ್ಯ ಇಟ್ಟು ಗುಂಡಗೆ ಕತ್ತರಿಸಿ. ಚೂಪು ಮೂಲೆಯಲ್ಲಿ ಬಿಸಿ ಒಂದೆಡೆ ಸೇರಿ ಮೊದಲು ಅಲ್ಲೇ ತೂತು ಬೀಳುತ್ತದೆ.

ಕತ್ತರಿಸುವ ಮುಂಚೆ ಬ್ಯಾಟರಿಯ ಎರಡೂ ತಂತಿ, ಆಲ್ಟರ್ನೇಟರಿನ ತಂತಿ ಬಿಚ್ಚಬೇಕು. ಡೀಸೆಲ್ ಟ್ಯಾಂಕ್ ಗಾಡಿಯಿಂದಲೇ ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕಿನ ಮೇಲೆ ಯಾವ ಕಾರಣಕ್ಕೂ ಬೆಸುಗೆ ಇಲ್ಲ. ಸಿಲ್ ಕತ್ತರಿಸುವುದಾದರೆ ಕ್ಯಾಬಿನ್ ಚಾಸಿಗೆ ಬೋಲ್ಟ್ ಆಗಿಯೇ ಇರಲಿ, ಬಾಗಿಲ ಬಾಯಿಗೆ ಅಡ್ಡಲಾಗಿ 25 ಎಂಎಂ ಚೌಕ ಪೈಪ್ ಟಾಕಾ ಹಾಕಿ, ಒಂದು ಸಲಕ್ಕೆ ಒಂದೇ ಕಡೆ. ಎರಡೂ ಸಿಲ್ ಒಟ್ಟಿಗೆ ತೆಗೆದ ಕ್ಯಾಬಿನ್ ನಡುವೆ ಕುಸಿದು, ಬಣ್ಣವೆಲ್ಲ ಆದಮೇಲೆ ಬಾಗಿಲು ಮುಚ್ಚದೆ ಹೋಗುತ್ತದೆ. ಬೆಸುಗೆ ಪೂರ್ತಿ ಎಳೆಯುವ ಮುನ್ನ ಬಾಗಿಲು ತೂಗುಹಾಕಿ ಸಂದಿ ನೋಡಿ.

ಸೆಟ್ಟಿಂಗು: 0.9 ಪತ್ರಾಕ್ಕೆ 38–42 ಆಂಪ್, 1.2ಕ್ಕೆ 48–52, ಬರೀ ಕಾರ್ಬನ್ ಡೈಆಕ್ಸೈಡಿನಲ್ಲಿ 16–17 ವೋಲ್ಟು. ಸಿನರ್ಜಿಕ್ ಮೋಡಿನಲ್ಲಿ ಮಷಿನ್ ತಾನೇ ವೋಲ್ಟು ಹೊಂದಿಸುತ್ತದೆ. 80 ಆಂಪಿನ ಮೇಲೆ ಆ ಲೆಕ್ಕ ಚೆನ್ನಾಗಿದೆ, 50ರ ಕೆಳಗೆ ಕೈಬಿಡುತ್ತದೆ. ಬೋರ್ಡಿನಲ್ಲಿ 30 ಅಂತಿದ್ದರೂ 35ರ ಕೆಳಗೆ ವೈರ್ ಪತ್ರಾಕ್ಕೆ ಕುಟ್ಟಿ ಕುಟ್ಟಿ ನಿಲ್ಲುತ್ತದೆ. ಈ ವರ್ಗದ ಮಷಿನ್ನಿನ ಮೇಲಿನ ನಿಜವಾದ ದೂರು ಇದೊಂದೇ. ಸಿನರ್ಜಿಕ್ ಬಿಟ್ಟು ಕೈಯಿಂದ ಹೊಂದಿಸಿ, ಗುರುತು ಕಿವಿಯಿಂದ ಹಿಡಿಯಬೇಕು. ಕಾದ ಎಣ್ಣೆಗೆ ಮಿರ್ಚಿ ಬಿಟ್ಟಾಗ ಬರುವ ಒಂದೇ ಸಮನೆಯ ಸದ್ದು ಬಂದರೆ ಸರಿ. ಪಟ್ ಪಟ್ ಎಂದು ಸಿಡಿದರೆ ವೈರ್ ವೇಗ ಜಾಸ್ತಿ. ಮೆತ್ತಗೆ ಹಿಸ್ಸೆಂದು ತುದಿಯಲ್ಲಿ ಗುಂಡು ಕಟ್ಟಿದರೆ ವೋಲ್ಟು ಜಾಸ್ತಿ. ಟಿಪ್ಪಿನಿಂದ ವೈರ್ 8–10 ಎಂಎಂ ಮಾತ್ರ ಹೊರಗಿರಲಿ.

ಎರಡು ಅಂಚುಗಳ ನಡುವೆ ವೈರಿನ ದಪ್ಪಕ್ಕಿಂತ ಹೆಚ್ಚು ಸಂದಿ ಬೇಡ. 25–30 ಎಂಎಂಗೊಂದು ಟಾಕಾ, ಪ್ರತಿಯೊಂದೂ ಒಂದು ಸೆಕೆಂಡಿನೊಳಗೆ, ಒಂದಾದ ಮೇಲೆ ಅದರ ಎದುರು ಬದಿಗೆ. ಅಂಗೈ ಇಟ್ಟರೆ ತಡೆಯುವಷ್ಟು ಆರುವವರೆಗೂ ಅಲ್ಲಿಗೆ ಮರಳಬಾರದು. ನೀರು ಹಾಕಿ ಆರಿಸಲೂಬಾರದು. ಉದ್ದಕ್ಕೆ ಎಳೆದವರ ಪತ್ರಾ ಡೊಂಕಾಗಿ, ಎಣ್ಣೆ ಡಬ್ಬದ ತಳ ಒತ್ತಿದಂತೆ 'ಟಕ್ ಟಕ್' ಅನ್ನತೊಡಗುತ್ತದೆ. ಹಳೇ ಗ್ಯಾಸ್ ಬೆಸುಗೆಯ ಟಿಂಕರಿಂಗ್ ಮಿಸ್ತ್ರಿಗಳು ಅದನ್ನು ಸುತ್ತಿಗೆಯಿಂದ ಬಡಿದು ಸರಿಮಾಡುತ್ತಿದ್ದರು, ಅವರ ಬೀಡು ಮೆತ್ತಗಿರುತ್ತಿತ್ತು. ಮಿಗ್‌ಗೆ ಹಾಕುವ ಇಆರ್70ಎಸ್-6 ಘನ ವೈರಿನ ಬೀಡು ಗಡಸು, ಬಡಿತಕ್ಕೆ ಬಗ್ಗದು. ಈ ಒಂದು ವಿಷಯದಲ್ಲಿ ಹಳೇ ಮಿಸ್ತ್ರಿಯದೇ ಮೇಲುಗೈ.

ಸಂದಿ ಅಗಲವಾದಲ್ಲಿ 15 ಎಂಎಂ ತಾಮ್ರದ ಪೈಪನ್ನು ಚಪ್ಪಟೆ ಬಡಿದು ಹಿಂದೆ ಒತ್ತಿಹಿಡಿಯಿರಿ. ಬೆಸುಗೆ ತಾಮ್ರಕ್ಕೆ ಅಂಟುವುದಿಲ್ಲ, ತಾಮ್ರ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಕಾರ್ಖಾನೆಯ ಸ್ಪಾಟ್ ಬೆಸುಗೆ ಇದ್ದಲ್ಲಿ ಮೇಲಿನ ಪತ್ರಾಕ್ಕೆ 8 ಎಂಎಂ ತೂತು ಕೊರೆದು, ನಡುವಿನಿಂದ ಹೊರಕ್ಕೆ ಸುತ್ತುತ್ತಾ ತುಂಬಬೇಕು. ಇಲ್ಲಿ ಮಾತ್ರ 65–70 ಆಂಪ್. ಜಂಗು ಕಪ್ಪು ಮಾಡುವ ಫಾಸ್ಫಾರಿಕ್ ದ್ರಾವಣವನ್ನು ಬೆಸುಗೆಯ ಅಂಚಿಗೆ ಬಳಿಯಬೇಡಿ, ಬೀಡು ನೊರೆಯಾಗುತ್ತದೆ. ಅದು ಬೆಸುಗೆ ಮುಗಿದ ಮೇಲಿನ ಸಾಮಾನು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಆರ್ಕ್ ಹೊಡೆದರೆ ವಿಷದ ಗ್ಯಾಸ್ ಏಳುತ್ತದೆ. ಅಸಿಟೋನ್ ಹಚ್ಚಿ, ಪೂರ್ತಿ ಆರಿದ ಮೇಲೆ ಮಾತ್ರ ಬೆಸೆಯಿರಿ. ನೆಲದ ಕೆಳಗಿನ ಡಾಂಬರಿನ ಲೇಪ ಹೊತ್ತಿಕೊಳ್ಳುವುದು ಬೆಸೆಯುವವರಿಗೆ ಕಾಣುವುದಿಲ್ಲ, ಆದ್ದರಿಂದ ಕೆಳಗೊಬ್ಬರು ನೀರಿನ ಬಕೆಟ್ಟಿನೊಂದಿಗೆ ಇರಲಿ. ಮುಗಿದ ಮೇಲೂ ಅರ್ಧ ಗಂಟೆ ಗಾಡಿ ಬಿಟ್ಟು ಹೋಗಬಾರದು.

ಗ್ರೈಂಡಿಂಗಿಗೆ 60 ನಂಬರಿನ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿಗಳ ಚಕ್ರ). ದಪ್ಪ ಕಲ್ಲಿನ ಚಕ್ರ ಬೀಡಿಗಿಂತ ಪಕ್ಕದ ಪತ್ರಾವನ್ನೇ ತಿನ್ನುತ್ತದೆ. ಕತ್ತಲಾದ ಮೇಲೆ ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟರೆ ಉಳಿದ ಸೂಜಿತೂತುಗಳು ನಕ್ಷತ್ರದಂತೆ ಕಾಣುತ್ತವೆ. ಪ್ರತಿಯೊಂದಕ್ಕೂ ಒಂದು ಟಾಕಾ. ಆಮೇಲೆ ಎಪಾಕ್ಸಿ ಪ್ರೈಮರ್, ಸೀಲರ್, ಸಿಲ್ಲಿನೊಳಗೆ ಮೇಣದ ಸ್ಪ್ರೇ. ಹೊಸ ಸಿಲ್ಲಿಗೆ ನೀರಿಳಿಯುವ ತೂತು ಕೊರೆಯುವುದನ್ನು ಮರೆತರೆ ಎರೆ ಮಣ್ಣು ಬೇಕಾಗುವುದೇ ಇಲ್ಲ.

ಚಾಸಿಯ ಮಾತು

3–5 ಎಂಎಂ ಚಾಸಿಗೆ ಮಷಿನ್ ತಾಳುತ್ತದೆ, ಮನೆಯ ಕರೆಂಟು ತಾಳದು. ಬ್ರ್ಯಾಕೆಟ್ಟಿನಂಥ ಚಿಕ್ಕ ಕೆಲಸಕ್ಕೆ ಇದೇ ಮಷಿನ್ನಿನ ಕಡ್ಡಿ ಮೋಡಿನಲ್ಲಿ 2.5 ಎಂಎಂ ಇ6013 ಕಡ್ಡಿ, 75–85 ಆಂಪ್. ಬಿರುಕಿದ್ದರೆ ಅದರ ತುದಿಗೆ 3–4 ಎಂಎಂ ತೂತು ಕೊರೆದು ನಿಲ್ಲಿಸಿ, ಮುಂದಿನದನ್ನು ಟ್ರಕ್ ಚಾಸಿಯಲ್ಲಿ ಪಳಗಿದ ವೆಲ್ಡರಿಗೆ ಒಪ್ಪಿಸಿ. ಮೇಲಿನ-ಕೆಳಗಿನ ಅಂಚಿಗೆ ಅಡ್ಡಲಾಗಿ ಬೆಸುಗೆ ಎಳೆಯುವುದು ಹೊಸ ಬಿರುಕಿಗೆ ಗೆರೆ ಹಾಕಿಕೊಟ್ಟಂತೆ. ಚಾಸಿ ನಂಬರ್ ಕೊರೆದ ಜಾಗಕ್ಕೆ ಮೊದಲ ದಿನವೇ ಟೇಪ್ ಹಚ್ಚಿ. ಗ್ರೈಂಡರ್ ತಾಗಿ ಒಂದು ಅಂಕಿ ಮಾಸಿದರೂ ಆರ್‌ಟಿಓ ತಪಾಸಣೆಯಲ್ಲಿ ಎಲ್ಲ ಬೆಸುಗೆಯೂ ವ್ಯರ್ಥ. ಸರಕು ಗಾಡಿಯಾಗಿ ನೋಂದಣಿಯಾದ ಪಿಕಪ್‌ಗೆ 8 ವರ್ಷ ದಾಟಿದ ಮೇಲೆ ಪ್ರತಿವರ್ಷ ಫಿಟ್ನೆಸ್ ಇರುವುದರಿಂದ ಆ ತಪಾಸಣೆ ತಪ್ಪುವಂಥದ್ದೂ ಅಲ್ಲ.

ಬಾಳಿಕೆಯ ವಿಷಯಕ್ಕೆ ಬಂದರೆ ಈ ಮಷಿನ್ನನ್ನು ಕೊಲ್ಲುವುದು ಬೆಸುಗೆಯಲ್ಲ, ಗ್ರೈಂಡರ್. ಹಿಂದಿನ ಫ್ಯಾನು ಎಳೆದುಕೊಂಡ ಕಬ್ಬಿಣದ ಪುಡಿ ಬೋರ್ಡಿನ ಮೇಲೆ ಕೂತು, ಮೊದಲ ಮಳೆಯ ತೇವಕ್ಕೆ ಶಾರ್ಟ್ ಆಗುತ್ತದೆ. ಗ್ರೈಂಡ್ ಮಾಡುವಾಗ ಮಷಿನ್ ಆಫ್ ಮಾಡಿ ಮೇಲೆ ಬಟ್ಟೆ ಹೊದಿಸಿ. ಆನ್ ಮಾಡುವಾಗ ಬಟ್ಟೆ ತೆಗೆಯಿರಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಬಿಟ್ಟು, ಒಣ ಗಾಳಿ ಊದಿ. ಬೆಚ್ಚಗಿನ ಬೋರ್ಡಿಗೆ ಹಲ್ಲಿಗಳೂ ಬರುತ್ತವೆ. ಒಂದು ಹಲ್ಲಿ ಸತ್ತರೆ ಒಂದು ಬೋರ್ಡೂ ಸಾಯುತ್ತದೆ, ವಾರಂಟಿ ಕಾರ್ಡಿನಲ್ಲಿ ಹಲ್ಲಿಗೆ ಜಾಗವಿಲ್ಲ. ಕೊಳ್ಳುವಾಗಲೇ ಬೋರ್ಡು ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ ಎಂದು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ.

ಅಂಗಡಿಗೆ ಹೋಗುವಾಗ ಅಂಗೈಯಗಲದ 20 ಗೇಜ್ ತುಂಡು ಎರಡು ಜೇಬಿನಲ್ಲಿರಲಿ. ಡೆಮೋ ಅಂದಾಗ ಅವರು 5 ಎಂಎಂ ಪಟ್ಟಿ ತೆಗೆಯುತ್ತಾರೆ, 150 ಆಂಪಿನಲ್ಲಿ ಚಂದದ ಬೀಡು ಎಳೆದು ತೋರಿಸುತ್ತಾರೆ. ಆ ಪಟ್ಟಿಯ ಮೇಲೆ ಯಾವ ಮಷಿನ್ ಆದರೂ ಚಂದವೇ. ನಿಮ್ಮ ತುಂಡುಗಳನ್ನು ಅಂಚಿಗೆ ಅಂಚು ಇಟ್ಟು, ಗ್ಯಾಸ್ ಹಚ್ಚಿಸಿ, 40ಕ್ಕೆ ಇಳಿಸಿ ಹತ್ತು ಟಾಕಾ ಹಾಕಿಸಿ. ತಿರುವಿ ನೋಡಿದಾಗ ಹಿಂಬದಿಯಲ್ಲಿ ಹತ್ತೂ ಕಡೆ ಸಣ್ಣ ಉಬ್ಬು ಕಾಣಬೇಕು, ತೂತು ಒಂದೂ ಇರಬಾರದು. ಏಳಕ್ಕಿಂತ ಕಡಿಮೆ ಬಂದರೆ ಟಿಪ್ ಬದಲಿಸಿ ಇನ್ನೊಮ್ಮೆ ಕೇಳಿ. ಆಗಲೂ ಬರದಿದ್ದರೆ ಪಕ್ಕದ ಡಬ್ಬಿ ತೆಗೆಸಿ.